ಓದ್ಲಿಕ್ಕೆ ಹೋದಾಕಿ ಊರು ನೋಡಿದ್ರ ತಪ್ಪೇನು?

ಹೋದ ಅಕ್ಟೋಬರ್ ತಿಂಗಳ ಒಂದು ಶನಿವಾರ. ನಾನು ಶೇಂಗಾ ಹುರಕೋತ ನಿಂತಿದ್ದೆ, ಫೋನು ಟುಣ್ ಅಂತು. ನೋಡಿದ್ರ ನಮ್ಮ ಸಣ್ಣಾಕಿ ಫೋಟೊ ಕಳಿಸ್ಯಾಳ. ಹಳೇ ಕಲ್ಲಿನ ಸೇತುವೆ, ಹಿಂದ ಗುಡ್ಡದ ಮ್ಯಾಲೆ ದೊಡ್ಡ ಅರಮನಿ, ನಾಲ್ಕು ಮಂದಿ ಹುಡುಗ್ಯಾರು ಕೂದಲಾ ಹಾರಿಸ್ಕೊಂಡು ನಕ್ಕೋತ ನಿಂತಾರ. ಕೆಳಗ "ಅವ್ವಾ, ಪ್ರಾಗ್‌ಗೆ ಬಂದೀವಿ!" ಅಂತ ಬರದಿದ್ಲು. ನಾ ಏನು ಉತ್ತರ ಕೊಟ್ಟೆ ಗೊತ್ತೇನ್ರಿ? "ಪರೀಕ್ಷಾ ಯಾವಾಗ?" ಅಂತ. ಅಷ್ಟ.

ಅಲ್ಲಿಗೇ ಬಿಟ್ಟಿದ್ರ ನಡೀತಿತ್ತು. ನಾ ಬಿಡಲಿಲ್ಲ. ಅದೇ ಫೋಟೊ ತಗದು ನಮ್ಮ ಮನೀ ಮಂದಿ ಗ್ರೂಪಿಗೆ ಹಾಕಿದೆ. ಯಾಕ ಹಾಕಿದೆ ಅಂದ್ರ ನನಗೂ ಸರಿಯಾಗಿ ಹೇಳ್ಲಿಕ್ಕೆ ಬರೂದಿಲ್ಲ. ಮಗಳು ಯುರೋಪ್‌ನ್ಯಾಗ ಅಡ್ಡಾಡ್ಲಿಕ್ಕತ್ತಾಳ ಅನ್ನೋ ಡೌಲು ಅರ್ಧ, "ನೋಡ್ರಿ ಹೆಂಗ ಮಾಡ್ತಾಳ" ಅನ್ನೋ ದೂರು ಅರ್ಧ. ಐದು ನಿಮಿಷದಾಗ ಶುರು ಆತು. "ಓದ್ಲಿಕ್ಕೆ ಹೋಗ್ಯಾಳೋ ಮಜಾ ಮಾಡ್ಲಿಕ್ಕೆ ಹೋಗ್ಯಾಳೋ?" "ಲೋನು ತೀರಸೋರು ಯಾರು?" "ಕೂಡ ಇದ್ದವರು ಬರೇ ಹುಡುಗ್ಯಾರ ಏನು, ಫೋಟೊ ತಗದವರು ಯಾರು?" ಒಬ್ಬರಂತೂ ಕಣ್ಣು ಮುಚ್ಚಿಕೊಂಡ ಮಂಗ್ಯಾನ ಚಿತ್ರ ಹಾಕಿದ್ರು. ಹೆಸರು ಹೇಳೂದಿಲ್ಲ, ಓದ್ಲಿಕ್ಕತ್ತಿದ್ರ ಅವರಿಗೇ ತಿಳೀತದ. ಸಿಟ್ಟು ಮಾಡ್ಕೋಬ್ಯಾಡ್ರಿ ವೈನಿ, ಮೊದಲನೇ ತಪ್ಪು ನಂದೇ ಅದ. ಅದನ್ನೇ ಇವತ್ತು ಬರೀಲಿಕ್ಕೆ ಕೂತೀನಿ.

ಆ ಗ್ರೂಪಿನೊಳಗ ಆಕೀನೂ ಇದ್ದಾಳ. ಎಲ್ಲಾ ಓದಿದ್ಲು. ಒಂದಕ್ಷರ ಬರೀಲಿಲ್ಲ. ಅವತ್ತಿನಿಂದ ಫೋಟೊ ಬರೋದು ನಿಂತಿತು. ವಾರಕ್ಕ ಎರಡು ಸಲ ವಿಡಿಯೋ ಕಾಲ್ ಮಾಡ್ತಿದ್ಲು, "ಊಟ ಆತು, ಕ್ಲಾಸ್ ಛಲೋ ನಡದಾವ, ಥಂಡಿ ಅದ" ಅಂತಿದ್ಲು. ನಾನೂ "ಬುದ್ಧಿ ಬಂತು, ಅಡ್ಡಾಡೋದು ಬಿಟ್ಟಾಳ" ಅಂತ ಸಮಾಧಾನ ಮಾಡ್ಕೊಂಡಿದ್ದೆ. ಜನವರಿ ಕಡೀಗೆ ಒಂದಿನ ಕಾಲ್‌ನ್ಯಾಗ ಚಹಾದ ಕಪ್ಪು ಎಡಗೈಲೆ ಎತ್ತಿದ್ಲು. ಆಕಿ ಎಡಚಿ ಅಲ್ಲ. "ಬಲಗೈ ತೋರಸು" ಅಂದೆ. ತೋರಸಲಿಲ್ಲ. ಮತ್ತ ಕೇಳಿದೆ. ಮುಂಗೈತನಕ ಪ್ಲಾಸ್ಟರ್!

ಮೂರು ವಾರ ಆಗಿತ್ತಂತ. ಡ್ರೆಸ್ಡೆನ್ ಹತ್ರ ಬಾಸ್ಟೈ ಅನ್ನೋ ಕಲ್ಲು ಬಂಡಿಗಳ ಜಾಗಾ ಅದ, ಕೆಳಗ ಎಲ್ಬೆ ನದಿ ಹರೀತದ. ಅಲ್ಲಿ ಗೆಳತ್ಯಾರ ಕೂಡ ಹೋದಾಗ ಹಿಮ ಗಟ್ಟಿಯಾದ ಮೆಟ್ಟಲಾ ಮ್ಯಾಲೆ ಕಾಲು ಜಾರಿ ಬಿದ್ದಾಳ. ದವಾಖಾನಿಗೆ ಗೆಳತ್ಯಾರ ಕರಕೊಂಡು ಹೋಗ್ಯಾರ. ಅಡಗೀನೂ ಅವರೇ ಮಾಡಿ ಹಾಕ್ಯಾರ. ಅಲ್ಲಿ ವಿದ್ಯಾರ್ಥಿಗಳಿಗೆ ಆರೋಗ್ಯ ವಿಮಾ ಇರಲೇಬೇಕು, ಹಿಂಗಾಗಿ ಖರ್ಚಿನ ತ್ರಾಸು ಆಗಿಲ್ಲ. ತ್ರಾಸು ಆದದ್ದು ಆಕಿ ಹೇಳಿದ ಮಾತಿನಿಂದ. "ಯಾಕ ಹೇಳಲಿಲ್ಲ?" ಅಂದ್ರ, "ಅವ್ವಾ, ಹೇಳಿದ್ರ ನೀನು ಮೊದಲ 'ಹೆಂಗ ಅದ ಕೈ' ಅಂತಿದ್ದೆಯೋ, 'ಯಾಕ ಹೋಗಿದ್ದಿ' ಅಂತಿದ್ದೆಯೋ, ನನಗ ಗೊತ್ತಾಗಲಿಲ್ಲ" ಅಂದ್ಲು.

ಅವತ್ತು ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಮುರಕೊಂಡ ಕೈಗಿಂತ, ಮೂರು ವಾರ ದಿನಾ ಮಾರಿ ನೋಡಿದ್ರೂ ನನಗ ತಿಳೀಲಿಲ್ಲಲ್ಲ, ಅದು ಹೆಚ್ಚು ಚುಚ್ಚಿತು. ನಾವು ಮಕ್ಕಳು ಅಡ್ಡಾಡೋದು ಬಂದ್ ಮಾಡಿಸ್ತೀವಿ ಅಂತ ತಿಳಕೋತೀವಿ. ಅವರು ಅಡ್ಡಾಡೋದು ಬಂದ್ ಮಾಡೂದಿಲ್ರಿ, ನಮಗ ಹೇಳೋದು ಬಂದ್ ಮಾಡ್ತಾರ. ಎರಡರೊಳಗ ಯಾವುದು ಹೆಚ್ಚು ಅಪಾಯ, ನೀವೇ ಹೇಳ್ರಿ.

ಮುಂದಿನ ರವಿವಾರ ಆಕಿಗೆ ಫೋನು ಹಚ್ಚಿ, "ಆ ಪ್ರಾಗ್‌ಗೆ ಹೋಗಿದ್ದೆಲ್ಲ, ಮೊದಲಿನಿಂದ ಹೇಳು, ನಾ ನಡುವ ಬಾಯಿ ಹಾಕೂದಿಲ್ಲ" ಅಂದೆ. ಮೊದಲ ನಂಬಲಿಲ್ಲ. ಆಮ್ಯಾಲೆ ಎರಡು ತಾಸು ಹೇಳಿದ್ಲು. ನಿಮಗೂ ಅದರಾಗಿನ ಸ್ವಲ್ಪ ಹೇಳ್ತೀನಿ, ಆಕಿ ಪರವಾನಗಿ ತಗೊಂಡೇ ಹೇಳ್ತೀನಿ.

ಡ್ರೆಸ್ಡೆನ್ ಇರೋದು ಜರ್ಮನಿಯ ಪೂರ್ವಕ್ಕ. ಅಲ್ಲಿಂದ ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ರೈಲಿನೊಳಗ ಎರಡೂವರಿ ತಾಸಿನೊಳಗ ಹೋಗ್ತಾರ. ನಾವು ಧಾರವಾಡದಿಂದ ವಿಜಾಪುರಕ್ಕ ಹೋಗ್ಲಿಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು. "ಬ್ಯಾರೆ ದೇಶ" ಅಂದ ಕೂಡ್ಲೆ ನಾನು ಸಮುದ್ರ ದಾಟಿ ಹೋದಂಗ ಗಾಬರಿ ಆಗಿದ್ದೆ! ರೈಲು ಎಲ್ಬೆ ನದೀ ದಂಡಿಗುಂಟ ಹೋಗ್ತದಂತ. ಪ್ರಾಗ್‌ನ ವಲ್ತಾವಾ ನದಿ ಮುಂದ ಹೋಗಿ ಇದೇ ಎಲ್ಬೆಗೆ ಕೂಡ್ತದ, ನಮ್ಮ ಮಲಪ್ರಭಾ ಕೂಡಲಸಂಗಮದಾಗ ಕೃಷ್ಣಾಕ್ಕ ಕೂಡಿದಂಗ. ಅಂದ್ರ ಆ ಸೇತುವೆ ಕೆಳಗ ಹರಿದ ನೀರು ನಮ್ಮ ಹುಡುಗಿ ಇರೋ ಊರಿಗೇ ಬರ್ತದ. ಇದನ್ನ ಕೇಳಿ ನನಗ ಯಾಕೋ ಭಾಳ ಸಮಾಧಾನ ಆತು.

ಫೋಟೊದಾಗಿನ ಸೇತುವೆ ಚಾರ್ಲ್ಸ್ ಸೇತುವೆ. ಮೊದಲಿದ್ದ ಸೇತುವೆ 1342ರಾಗ ಮಹಾಪೂರಕ್ಕ ಕೊಚ್ಚಿಕೊಂಡು ಹೋತಂತ. ನಾಲ್ಕನೇ ಚಾರ್ಲ್ಸ್ ಅನ್ನೋ ರಾಜಾ ಹೊಸಾದು ಕಟ್ಟಿಸ್ಲಿಕ್ಕೆ ಹಿಡದ. ಈಗ ಕೇಳ್ರಿ, ಅದಕ್ಕ ಮುಹೂರ್ತ! 1357ನೇ ಇಸವಿ, 9ನೇ ತಾರೀಖು, 7ನೇ ತಿಂಗಳು, ಮುಂಜಾನೆ 5 ಗಂಟೆ 31 ನಿಮಿಷಕ್ಕ ಅಡಿಗಲ್ಲು ಇಟ್ಟರು ಅಂತ ಅಲ್ಲಿ ಮಂದಿ ಹೇಳ್ತಾರ. ಸಾಲಾಗಿ ಬರದು ನೋಡ್ರಿ: 1 3 5 7 9 7 5 3 1. ಹಿಂದಿನಿಂದ ಓದ್ರಿ, ಮುಂದಿನಿಂದ ಓದ್ರಿ, ಒಂದೇ. ಮುಹೂರ್ತದ ಹುಚ್ಚು ನಮಗಷ್ಟ ಅಂತ ತಿಳಕೊಂಡಿದ್ದೆ.

ಇನ್ನೊಂದು ಕಥಿ ಇದಕ್ಕಿಂತ ಛಲೋ ಅದ. ಗಚ್ಚು ಗಟ್ಟಿ ಆಗಲಿ ಅಂತ ಅದರೊಳಗ ತತ್ತಿ ಹಾಕಿ ಕಲಿಸಿದ್ರಂತ. ಅಷ್ಟು ತತ್ತಿ ಎಲ್ಲಿಂದ ತರೋದು? ಊರೂರಿನಿಂದ ಗಾಡಿಗಟ್ಟಲೆ ತರಿಸಿದ್ರು. ವೆಲ್ವಾರಿ ಅನ್ನೋ ಊರಿನವರು ದಾರ್ಯಾಗ ಒಡೀಬಾರದು ಅಂತ ಕುದಿಸಿ ಕಳಿಸಿಬಿಟ್ರು! ಖರೇನೋ ಸುಳ್ಳೋ, ಇವತ್ತಿಗೂ ಆ ಊರಿನವರಿಗೆ ಚಾಷ್ಟಿ ಮಾಡ್ತಾರಂತ. ನಾ ಬಿದ್ದು ಬಿದ್ದು ನಕ್ಕೆ. ನಾವು ತತ್ತಿ ತಿನ್ನೋರಲ್ಲ, ಆದ್ರೂ ಡಬ್ಬಿ ಕಟ್ಟೋರ ಕಷ್ಟ ನಮಗ ತಿಳೀತದಲ್ಲ. ನಾಲ್ಕು ತಿಂಗಳಾದ ಮ್ಯಾಲೆ ನಾವಿಬ್ಬರೂ ಕೂಡಿ ಅವತ್ತೇ ನಕ್ಕಿದ್ದು.

ಸೇತುವೆ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಉದ್ದ ಅದ. ಎರಡೂ ಕಡೆ ಕೂಡಿ ಮೂವತ್ತು ಮೂರ್ತಿ. ಗಾಡಿ ಬಿಡೂದಿಲ್ಲ, ಬರೇ ನಡದಾಡೋರು. ಅದರಾಗ ಒಂದು ಮೂರ್ತಿ ನೆಪೊಮುಕ್‌ನ ಜಾನ್ ಅನ್ನೋ ಪಾದ್ರಿಯದು. 1393ರಾಗ ಅಲ್ಲಿಯ ರಾಜಾ ಆತನ್ನ ಇದೇ ನದಿಗೆ ಒಗಿಸಿ ಕೊಲ್ಲಿಸಿದನಂತ. ರಾಣಿ ತನ್ನ ಮನಸಿನ ಮಾತು ಪಾದ್ರಿ ಮುಂದ ಹೇಳಿಕೊಂಡಿದ್ಲು, ಅದೇನು ಹೇಳು ಅಂತ ರಾಜಾ ಕೇಳಿದ್ರೂ ಆತ ಬಾಯಿ ಬಿಡಲಿಲ್ಲ, ಅದಕ್ಕ ಸಾಯಿಸಿದ್ರು ಅಂತ ಕಥಿ. ಮೂರ್ತಿ ಕೆಳಗಿನ ಹಿತ್ತಾಳಿ ಫಲಕ ಮಂದಿ ಮುಟ್ಟಿ ಮುಟ್ಟಿ ಫಳಫಳ ಹೊಳೀತದಂತ. ಸಣ್ಣಾಕಿ ಇದನ್ನ ಸಹಜ ಹೇಳಿ ಮುಂದ ಹೋದ್ಲು. ನಾನು ಅಲ್ಲೇ ನಿಂತೆ. ಆತ ಒಬ್ಬಾಕಿ ಹೇಳಿದ ಮಾತು ಹೊರಗ ಹೋಗಬಾರದು ಅಂತ ನೀರಿಗೆ ಬಿದ್ದ. ನಾನು ಮಗಳು ನನಗೊಬ್ಬಾಕಿಗೆ ಕಳಿಸಿದ ಫೋಟೊ ಐದು ನಿಮಿಷದಾಗ ನಲವತ್ತೆರಡು ಮಂದಿಗೆ ಹಂಚಿದೆ.

ಊರ ನಡುವ 1410ರ ಗಡಿಯಾರ ಅದ. ಬರೇ ತಾಸು ತೋರಸೋದಲ್ಲ, ಸೂರ್ಯ ಯಾವ ರಾಶ್ಯಾಗ ಇದ್ದಾನ, ಚಂದ್ರ ಎಲ್ಲಿದ್ದಾನ, ಎಲ್ಲಾ ತೋರಸ್ತದ. "ಅವ್ವಾ, ಅದು ತಿರುಗೋ ಪಂಚಾಂಗ ನೋಡು" ಅಂದ್ಲು. ತಾಸಿಗೊಮ್ಮೆ ಎಲುಬಿನ ಗೊಂಬಿಯೊಂದು ಗಂಟಿ ಬಾರಸ್ತದ, ಅದು ಮೃತ್ಯು. ಬಾಜೂಕ ಕನ್ನಡಿ ಹಿಡಕೊಂಡಂವ ಒಬ್ಬ, ರೊಕ್ಕದ ಚೀಲಾ ಹಿಡಕೊಂಡಂವ ಒಬ್ಬ, "ಈಗ ಬ್ಯಾಡ, ಈಗ ಬ್ಯಾಡ" ಅನ್ನೋಹಂಗ ಗೋಣು ಅಲ್ಲಾಡಸ್ತಾರಂತ. ಮ್ಯಾಲೆ ಕಿಟಕಿ ತಗದು ಏಸುವಿನ ಶಿಷ್ಯರ ಗೊಂಬಿ ಒಂದರ ಹಿಂದ ಒಂದು ಹೋಗ್ತಾವ, ಕಡೀಗೆ ಕೋಳಿ ಕೂಗ್ತದ, ಮುಗೀತು. ಇಷ್ಟಕ್ಕ ಮಂದಿ ಕುತಿಗಿ ಎತ್ತಿ ಅರ್ಧ ತಾಸು ನಿಂತಿರ್ತಾರ.

ಊಟಕ್ಕ ಏನು ಮಾಡಿದ್ರಿ ಅಂತ ಕೇಳದ ನಾ ಇರ್ತೀನೇನು? ಆಗಸ್ಟ್‌ನ್ಯಾಗ ಹೋಗೋಮುಂದ ನಾ ಕಟ್ಟಿ ಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇನ್ನೂ ಉಳಿಸಿಕೊಂಡಿದ್ಲಂತ. ಕೊಲ್ಹಾಪುರದ ಹುಡುಗಿ ಚಕ್ಕುಲಿ ತಂದಿದ್ಲು, ಇನ್ನಿಬ್ಬರು ತೆಲುಗಿನವರು ಉಪ್ಪಿನಕಾಯಿ. ನದೀ ದಂಡಿ ಮ್ಯಾಲೆ ಕೂತು ತಿಂದಾರ. ಬಾಜೂಕ ಕೂತಿದ್ದ ಒಬ್ಬ ಅಜ್ಜಿ ರೊಟ್ಟಿ ಮುರಿಯೋ ಸಪ್ಪಳಕ್ಕ ಹೊಳ್ಳಿ ನೋಡಿದ್ಲಂತ, ಆಕಿಗೂ ಒಂದು ತುಂಡು ಕೊಟ್ಟಾರ. ಹಿಂಡಿ ಹಚ್ಚಿ ಕೊಡಬಾರದಿತ್ತು, ಪಾಪ. ಕಣ್ಣಾಗ ನೀರು.

ಒಂದು ಫಜೀತಿನೂ ಆಗೇದ. ಅಲ್ಲಿ ಟ್ರಾಮಿನ ಟಿಕೀಟು ತಗೊಂಡ್ರ ಸಾಲೂದಿಲ್ಲ, ಹತ್ತಿದ ಮ್ಯಾಲೆ ಹಳದಿ ಡಬ್ಬಿಯೊಳಗ ಹಾಕಿ ತಾಸಿನ ಶಿಕ್ಕಾ ಒತ್ತಿಸಬೇಕು. ಒಬ್ಬಾಕಿ ಮರತಾಳ. ತಪಾಸಣಿಯವರು ಹಿಡದು ದಂಡ ಹಾಕ್ಯಾರ, ಒಂದು ರಾತ್ರಿ ಮಲಗಿದ ಖರ್ಚಿಗಿಂತ ಹೆಚ್ಚು. ನಾಲ್ವರೂ ಕೂಡಿ ಕೊಟ್ಟಾರ. ಆ ಕೊಟ್ಟದ್ದನ್ನ ಕೇಳಿ ನನಗ ದಂಡದ ಸಂಕಟ ಕಡಿಮಿ ಆತು. ಕೈ ಮುರದಾಗ ಅಡಗಿ ಮಾಡಿ ಹಾಕಿದವರೂ ಇವರೇ ಅಲ್ಲೇನ್ರಿ. ಇಂಥಾ ಗೆಳೆತನ ಕ್ಲಾಸಿನೊಳಗ ಬೆಂಚಿನ ಮ್ಯಾಲೆ ಕೂತ್ರ ಆಗೂದಿಲ್ಲ.

ಈಗ ಮುಖ್ಯ ಮಾತು. ರವಿವಾರ ಅವರು ಪಿಂಕಸ್ ಅನ್ನೋ ಯಹೂದಿಗಳ ಹಳೇ ಪ್ರಾರ್ಥನಾ ಮಂದಿರಕ್ಕ ಹೋಗ್ಯಾರ. ಶನಿವಾರ ಅದು ಬಂದ್ ಇರ್ತದ. ಒಳಗ ಗೋಡಿ ತುಂಬ ಬರೇ ಹೆಸರು. ಹಿಟ್ಲರನ ಕಾಲಕ್ಕ ಸತ್ತ ಆ ಸೀಮಿಯ ಸುಮಾರು 78,000 ಯಹೂದಿಗಳ ಹೆಸರು, ಹುಟ್ಟಿದ ತಾರೀಖು, ಕೈಲೆ ಬರದಾರ. ಮ್ಯಾಲಿನ ಅಂತಸ್ತಿನೊಳಗ ತೆರೆಜಿನ್ ಅನ್ನೋ ಕಡೆ ಕೂಡಿ ಹಾಕಿದ್ದ ಮಕ್ಕಳು ತಗದ ಚಿತ್ರ ಇಟ್ಟಾರ. ಹೂವು, ಮನಿ, ಚಿಟ್ಟಿ, ನಮ್ಮ ಮಕ್ಕಳು ತಗೀತಿದ್ದಂಥಾವೇ. ತಗದ ಮಕ್ಕಳು ಹೆಚ್ಚಿನವರು ಉಳೀಲಿಲ್ಲ. ಸಣ್ಣಾಕಿ ಅಲ್ಲಿಂದ ಹೊರಗ ಬಂದು ಒಂದು ತಾಸು ಯಾರ ಕೂಡನೂ ಮಾತಾಡಲಿಲ್ಲಂತ. ಆಮ್ಯಾಲೆ ಆಕಿಗೆ ಇನ್ನೊಂದು ವಿಚಾರ ಬಂದದ. ತಾನು ಓದ್ಲಿಕ್ಕತ್ತಿರೋ ಡ್ರೆಸ್ಡೆನ್ 1945ರ ಫೆಬ್ರವರಿಯೊಳಗ ಬಾಂಬಿಗೆ ಸುಟ್ಟು ಹೋದ ಊರು. ಅಲ್ಲಿಯ ದೊಡ್ಡ ಚರ್ಚು ಬಿದ್ದಿದ್ದು ಮತ್ತ ಕಟ್ಟಿ ತಗದದ್ದು 2005ರಾಗ. ದಿನಾ ಅದರ ಮುಂದ ಹಾದು ಹೋಗ್ತಿದ್ಲು, ಸುಟ್ಟದ್ದು ಅಷ್ಟ ಗೊತ್ತಿತ್ತು. ಯಾಕ ಸುಟ್ಟಿತು, ಅದಕ್ಕೂ ಮೊದಲ ಯಾರು ಯಾರಿಗೆ ಏನು ಮಾಡಿದ್ರು ಅನ್ನೋದು ಆ ಗೋಡಿ ಮುಂದ ನಿಂತಾಗ ಎದಿಗೆ ಹತ್ತಿತು ಅಂದ್ಲು.

"ಇದರ ಫೋಟೊ ಯಾಕ ಕಳಿಸಲಿಲ್ಲ?" ಅಂದೆ. "ಅಲ್ಲಿ ಫೋಟೊ ತಗೀಬೇಕು ಅನಸಲಿಲ್ಲ" ಅಂದ್ಲು.

ನಾವು ನೋಡಿದ್ದು ಸೇತುವೆ ಮ್ಯಾಲಿನ ಒಂದು ಕ್ಷಣದ ನಗು. ಅದರ ಮ್ಯಾಲೆ "ಮಜಾ ಮಾಡ್ಲಿಕ್ಕತ್ತಾಳ" ಅಂತ ತೀರ್ಪು ಕೊಟ್ಟುಬಿಟ್ವಿ. ಮಜಾ ಮಾಡಿದ್ರೂ ತಪ್ಪಿಲ್ಲ ಅನ್ನೋದು ಬ್ಯಾರೆ ಮಾತು.

ರೊಕ್ಕದ ವಿಚಾರ ಹೇಳಿಬಿಡ್ತೀನಿ, ನಿಮ್ಮ ಮನಸಿನ್ಯಾಗ ಅದು ಇದ್ದೇ ಇರ್ತದ. ಜರ್ಮನಿಗೆ ಓದ್ಲಿಕ್ಕೆ ಹೋಗೋರು ವೀಸಾಕ್ಕ ಬ್ಲಾಕ್ಡ್ ಅಕೌಂಟಿನೊಳಗ ಒಂದು ವರ್ಷಕ್ಕ 11,904 ಯೂರೋ ಮೊದಲ ಇಟ್ಟು ಹೋಗಬೇಕು. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ತಗೀಲಿಕ್ಕೆ ಬರ್ತದ. ಖೋಲಿ ಬಾಡಿಗಿ, ವಿಮಾ, ಊಟ ಎಲ್ಲಾ ಅದರೊಳಗ. ಬೇಕಂದ್ರೂ ಒಮ್ಮೆಲೆ ಲೋನು ಹಾರಿಸ್ಲಿಕ್ಕೆ ಆಗೂದಿಲ್ಲ! ಮ್ಯಾಲೆ ವರ್ಷಕ್ಕ 140 ಪೂರಾ ದಿನ, ಇಲ್ಲಾ 280 ಅರ್ಧ ದಿನ ಕೆಲಸಾ ಮಾಡ್ಲಿಕ್ಕೆ ಕಾಯಿದೆ ಬಿಡ್ತದ. ಈಕಿ ಸಂಜಿಮುಂದ ಲ್ಯಾಬಿನೊಳಗ ಕೆಲಸಾ ಮಾಡಿ ಗಳಿಸಿದ್ದರಾಗ ಹೋಗಿದ್ದು. ಟಿಕೀಟು ಒಂದೂವರಿ ತಿಂಗಳು ಮೊದಲ ತಗೊಂಡಿದ್ದು, ಮಲಗಿದ್ದು ಆರು ಮಂದಿ ಖೋಲ್ಯಾಗ, ತಿಂದಿದ್ದು ರೊಟ್ಟಿ. ಲೆಕ್ಕಾ ಬರದಿಟ್ಟಾಳ, ತೋರಿಸಿದ್ಲು. ಡಿಸೆಂಬರ್‌ನ್ಯಾಗ ಮದವಿಯೊಂದಕ್ಕ ನಾ ತಗೊಂಡ ಇಳಕಲ್ಲ ಸೀರಿ, ಬ್ಲೌಜು ಹೊಲಸಿದ್ದು, ಮುಯ್ಯಿ ಕೂಡಿಸಿದ್ರ ಅದಕ್ಕಿಂತ ಹೆಚ್ಚು ಆಗ್ತದ. ನನ್ನ ಯಾರೂ ಕೇಳಲಿಲ್ಲ.

ಇನ್ನ ರವಿವಾರ. ಜರ್ಮನಿಯೊಳಗ ರವಿವಾರ ಅಂಗಡಿ ಬಂದ್. ಡಿಸೆಂಬರ್‌ನ್ಯಾಗ ಸಂಜಿ ನಾಲ್ಕಕ್ಕ ಕತ್ತಲಾಗ್ತದ. ನಮ್ಮಂಗ ಓಣ್ಯಾಗ ಹೊರಗ ಕಟ್ಟಿ ಮ್ಯಾಲೆ ಕೂತು "ಏನು ಅಡಗಿ" ಅಂತ ಕೇಳೋರಿಲ್ಲ. ಸಣ್ಣ ಖೋಲಿ, ಒಂದು ಕಿಟಕಿ, ಕಂಪ್ಯೂಟರು. ಹೋದ ಹೊಸದಾಗಿ ಎರಡು ರವಿವಾರ ಇಡೀ ದಿನ ಒಬ್ಬರ ಕೂಡನೂ ಮಾತಾಡದ ಕಳದೀನಿ ಅಂತ ಈಗ ಹೇಳ್ತಾಳ. ಓದು ಓದು ಅಂತ ನಾವು ಅದೇ ಖೋಲ್ಯಾಗ ಕೂಡಿಸ್ಲಿಕ್ಕೆ ಹೊಂಟಿದ್ವಿ.

ಪ್ರಾಗ್‌ನ್ಯಾಗ ಬೀರು ನೀರಿನಂಗ ಕುಡೀತಾರ ಅಂತ ಒಬ್ಬ ಮೌಶಿ ಫೋನು ಮಾಡಿ ಹೇಳಿದ್ರು. ಕುಡೀತಾರ, ಖರೇ ಅದ. ಜರ್ಮನಿಯೊಳಗೂ ಕುಡೀತಾರ್ರಿ ಮೌಶಿ. ಅದಕ್ಕ ರೈಲು ಹತ್ತಿ ಬ್ಯಾರೆ ದೇಶಕ್ಕ ಹೋಗಬೇಕಾಗಿಲ್ಲ.

ಇನ್ನೊಂದು ಮಾತು, ಇದು ನಿಮಗ ರುಚಿಸಲಿಕ್ಕಿಲ್ಲ. ನಮ್ಮ ಮೈದುನರ ಮಗ ಐರ್ಲೆಂಡಿನೊಳಗ ಓದೋಮುಂದ ಪ್ಯಾರಿಸ್, ರೋಮ್ ಎಲ್ಲಾ ತಿರಗಿ ಬಂದ. ಅಂವನ ಫೋಟೊನೂ ಇದೇ ಗ್ರೂಪಿಗೆ ಬಂದಿದ್ವು. "ಭೇಷ್", "ಜಗತ್ತು ನೋಡ್ಬೇಕು ನೋಡು ಹಿಂಗ", "ನಮಗೂ ಕರಕೊಂಡು ಹೋಗೋ". ನಾನೂ ಹೆಬ್ಬಟ್ಟಿನ ಚಿತ್ರ ಹಾಕಿದ್ದೆ. ಪರೀಕ್ಷಾ ಯಾವಾಗ ಅಂತ ಅಂವಗ ಒಬ್ಬರೂ ಕೇಳಲಿಲ್ಲ. ಅಂವದೂ ಲೋನೇ ಇತ್ತು.

ನಾ ಪಿ.ಯು.ಸಿ. ಎರಡನೇ ವರ್ಷದಾಗ ಇದ್ದಾಗ ಕಾಲೇಜಿನಿಂದ ಬೇಲೂರು-ಹಳೇಬೀಡಿಗೆ ಟ್ರಿಪ್ ಹೊಂಟಿತ್ತು. ಅಪ್ಪ ಸಹಿ ಮಾಡಲಿಲ್ಲ. "ಮದವಿ ಆದ ಮ್ಯಾಲೆ ಗಂಡನ ಕೂಡ ಹೋಗು" ಅಂದ್ರು. ಹೋದೆ, ನಲವತ್ತಾರನೇ ವಯಸ್ಸಿಗೆ. ಮೊಣಕಾಲು ಹಿಡಕೊಂಡು ಆ ಶಿಲಾಬಾಲಿಕೆಯರನ್ನ ಗೋಣೆತ್ತಿ ನೋಡೋಮುಂದ ಹೊರಗ ಡ್ರೈವರ್ ಹಾರ್ನ್ ಹೊಡೀಲಿಕ್ಕತ್ತಿದ್ದ, ಮನಿಯವರು "ಆತೇನು, ಆತೇನು" ಅನ್ಲಿಕ್ಕತ್ತಿದ್ರು. ನಿಮ್ಮೊಳಗೂ ಎಷ್ಟು ಮಂದಿದು ಇದೇ ಕಥಿ ಅದ ನನಗ ಗೊತ್ತದ. ಹಂಗಿದ್ದೂ ನಾವೇ ಮೊದಲ ಕೇಳ್ತೀವಲ್ಲ, "ಯಾಕ ಹೋಗಿದ್ದಿ" ಅಂತ.

ಬೇಕಾದಂಗ ತಿರುಗಾಡ್ರಿ ಅಂತ ಬಿಟ್ಟುಬಿಡಬೇಕು ಅನ್ನೂದಿಲ್ಲ. ಪರೀಕ್ಷಾ ಹಿಂದಿನ ವಾರ ಹೊಂಟ್ರ ನಾ ಈಗಲೂ ಬೈತೀನಿ. ಸಾಲಾ ಮಾಡಿ ಹೋಗೋದು ಬ್ಯಾಡ ಅಂದೀನಿ. ಕೂಡ ಹೋಗೋರೊಳಗ ಇಬ್ಬರ ಫೋನ್ ನಂಬರ್ ನನ್ನ ಹತ್ರ ಇರಬೇಕು, ರಾತ್ರಿ ಮಲಗೋ ಜಾಗಾದ ವಿಳಾಸ ಕಳಿಸಬೇಕು. ಪಾಸ್‌ಪೋರ್ಟು, ಅಲ್ಲಿ ಇರ್ಲಿಕ್ಕೆ ಕೊಟ್ಟ ಕಾರ್ಡು ಎರಡೂ ಕೂಡ ಇರಬೇಕು, ಯಾಕಂದ್ರ ಗಡಿ ದಾಟೋಮುಂದ ಪೊಲೀಸರು ರೈಲಿನೊಳಗ ಬಂದು ನೋಡ್ತಾರ. ಚೆಕ್ ದೇಶದಾಗ ಯೂರೋ ಅಲ್ಲ, ಕೊರುನಾ ಅನ್ನೋ ಬ್ಯಾರೆ ರೊಕ್ಕ, ದಾರ್ಯಾಗ ನಿಂತು "ಛೇಂಜ್, ಛೇಂಜ್" ಅನ್ನೋರ ಹತ್ರ ಬದಲಿ ಮಾಡಬಾರದು. ಇದರಾಗ ಅರ್ಧ ಆಕೀನೇ ನನಗ ಕಲಿಸಿದ್ದು. ಇಷ್ಟು ಹೇಳಿದ್ರ ಆಕಿಗೂ ಸಿಟ್ಟು ಬರೂದಿಲ್ಲ, ನನಗೂ ರಾತ್ರಿ ನಿದ್ದಿ ಬರ್ತದ. ಹೇಳಬೇಕಂದ್ರ ಮೊದಲ ಆಕಿ ಹೊಂಟೀನಿ ಅಂತ ನನಗ ಹೇಳಬೇಕಲ್ರಿ.

ಪ್ಲಾಸ್ಟರ್ ಬಿಚ್ಚ್ಯಾರ, ಕೈ ಈಗ ಛಲೋ ಅದ. ಮೊನ್ನೆ ಶುಕ್ರವಾರ ಮೆಸೇಜ್ ಬಂತು, "ಅವ್ವಾ, ನಾಳೆ ಲೈಪ್ಜಿಗ್‌ಗೆ ಹೊಂಟೀವಿ, ಸಂಜೀಕೆ ವಾಪಸ್" ಅಂತ. ಬೆರಳು ತಾನಾಗೇ "ಪರೀ" ತನಕ ಹೋಗಿತ್ತು, ಅಳಿಸಿದೆ. "ಯಾರ್ಯಾರು? ಎಷ್ಟು ಗಂಟೆ ರೈಲು? ಅಲ್ಲಿ ನೋಡೋದು ಏನದ?" ಅಂತ ಬರದೆ. ಸಂಜೀಕೆ ಹನ್ನೊಂದು ಫೋಟೊ ಬಂದ್ವು. ಗ್ರೂಪಿಗೆ ಹಾಕಲಿಲ್ಲ. ನೋಡ್ಬೇಕು ಅಂದವರು ಮನಿಗೆ ಬರ್ರಿ, ಚಹಾ ಮಾಡ್ತೀನಿ, ಆಕಿಗೆ ಕೇಳಿ ತೋರಸ್ತೀನಿ.

ರೊಟ್ಟಿ ಅಷ್ಟೂ ಮುಗದಾವಂತ. ಮುಂದಿನ ತಿಂಗಳು ನಿಮ್ಮ ಗುರ್ತಿನವರು ಯಾರರ ಜರ್ಮನಿ ಕಡೆ ಹೊಂಟಿದ್ರ ಹೇಳ್ರಿ. ಎರಡು ಕಿಲೋದಷ್ಟು ಜಾಗಾ ಕೊಟ್ರ ಸಾಕು. ರೊಟ್ಟಿ ಹಗರ ಇರ್ತಾವ, ಹಿಂಡಿ ಅಷ್ಟ ತೂಕ.